ಅಕ್ಕೋರನ್ನು ಕೇಳಿ: ಇಂಗ್ಲೆಂಡಿನ ಊರಲ್ಲಿ ಬೆಲ್ಲಿ ಡಾನ್ಸ್ ಕ್ಲಾಸು

ಗಂಡನ ಕೆಲಸದ ಮೇಲೆ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿದ್ದಾಗ ಬೆಲ್ಲಿ ಡಾನ್ಸ್ ಕ್ಲಾಸಿಗೆ ಹೋಗುತ್ತಿದ್ದೆ ಅಂತ ಹೋದ ಸಂಚಿಕೆಯಲ್ಲಿ ಮಾತಿನ ಮಧ್ಯೆ ಬರೆದಿದ್ದೆ. ಅದೊಂದೇ ಸಾಲು ಹಿಡಿದು ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಪತ್ರಗಳು ಬಂದಿವೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಅಕ್ಕೋರೆ, ನನ್ನ ಸೊಸೆ ಇಂಗ್ಲೆಂಡಿನಲ್ಲಿದ್ದಾಳೆ. ಪ್ರತಿ ಬುಧವಾರ ಬೆಲ್ಲಿ ಡಾನ್ಸ್ ಕಲಿಯೋಕೆ ಹೋಗ್ತಾಳಂತೆ. ಸೊಂಟಕ್ಕೆ ಕಾಸಿನ ಪಟ್ಟಿ ಕಟ್ಟಿಕೊಂಡ ಫೋಟೋ ಸ್ಟೇಟಸ್‌ಗೆ ಹಾಕಿದ್ದಳು, ಓಣಿಯವರೆಲ್ಲ ನೋಡಿದರು. ಮಗನಿಗೆ ಹೇಳಿದರೆ ನಗ್ತಾನೆ. ಬಿಟ್ಟುಬಿಡು ಅಂತ ಅವಳಿಗೆ ಹೇಗೆ ಹೇಳಲಿ?
– ಬ್ರಹ್ಮಪುರ, ಕಲಬುರಗಿ

ಉತ್ತರ: ಅಮ್ಮಾ, ಹೇಳಬೇಡಿ. ನಿಮ್ಮ ಸಂಕಟ ನನಗೆ ಗೊತ್ತಾಗುತ್ತದೆ. ನಾವೆಲ್ಲ ಈ ಕುಣಿತವನ್ನು ನೋಡಿದ್ದು ಸಿನಿಮಾದ ಕ್ಲಬ್ ಹಾಡುಗಳಲ್ಲಿ, ಅಲ್ಲಿ ಕುಣಿಯುವವಳ ಸುತ್ತ ಗಂಡಸರು ಗ್ಲಾಸು ಹಿಡಿದು ಕೂತಿರುತ್ತಾರೆ, ಹಾಗಾಗಿ ಹೆಸರು ಕೇಳಿದ ಕೂಡಲೇ ಅದೇ ಚಿತ್ರ ಕಣ್ಣಮುಂದೆ ಬರುತ್ತದೆ. ಆದರೆ ನಿಮ್ಮ ಸೊಸೆ ಹೋಗುವ ಜಾಗ ಅದಲ್ಲ. ಇಂಗ್ಲೆಂಡಿನ ಸಣ್ಣಪುಟ್ಟ ಊರುಗಳಲ್ಲಿ ಈ ಕ್ಲಾಸು ನಡೆಯುವುದು ಹೆಚ್ಚಾಗಿ ಚರ್ಚಿನ ಹಾಲ್‌ನಲ್ಲಿ, ಇಲ್ಲಾಂದ್ರೆ ಬಡಾವಣೆಯ ಸಮುದಾಯ ಭವನದಲ್ಲಿ. ಬರುವವರು ಹೆಚ್ಚಾಗಿ ಹೆಂಗಸರೇ. ನನ್ನ ಜೊತೆ ಕಲಿಯುತ್ತಿದ್ದವರಲ್ಲಿ ಆಸ್ಪತ್ರೆ ನರ್ಸ್, ಶಾಲೆ ಟೀಚರ್, ಮೊಮ್ಮಕ್ಕಳನ್ನು ಕಂಡ ಅಜ್ಜಿಯರು ಎಲ್ಲ ಇದ್ದರು. ನೋಡೋಕೆ ಅಂತ ಯಾರೂ ಬಂದು ಕೂರುವುದಿಲ್ಲ.

ಬೆಲ್ಲಿ ಡಾನ್ಸ್‌ಗೆ ಹೆಸರಾದ ಈಜಿಪ್ಟಿನಲ್ಲಿ ಇದು ಮೊದಲು ಮನೆಯ ಕುಣಿತ. ಮದುವೆಗೆ, ಮಗು ಹುಟ್ಟಿದ್ದಕ್ಕೆ ಹೆಂಗಸರು ತಮ್ಮತಮ್ಮಲ್ಲೇ ಮೈತುಂಬ ಉದ್ದನೆಯ ನಿಲುವಂಗಿ ಹಾಕಿ, ಸೊಂಟಕ್ಕೆ ಒಂದು ವಸ್ತ್ರ ಬಿಗಿದು ಕುಣಿಯುತ್ತಾರೆ. ಮಿಂಚುವ ತುಂಡು ಉಡುಪು ಬಂದದ್ದು ಆಮೇಲೆ. ಬಡಿಯಾ ಮಸಾಬ್ನಿ ಎಂಬ ಹೆಣ್ಣುಮಗಳು 1926ರಲ್ಲಿ ಕೈರೋದಲ್ಲಿ ಹಾಡು, ಕುಣಿತದ ಸ್ವಂತ ರಂಗಮಂದಿರ ತೆರೆದರು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್‌ರಂಥ ದೊಡ್ಡ ಕಲಾವಿದೆಯರು ಬೆಳೆದದ್ದು ಅಲ್ಲೇ. ಆ ವೇದಿಕೆ, ಆ ಕಾಲದ ಸಿನಿಮಾ ಎರಡೂ ಸೇರಿ ಈ ಉಡುಪನ್ನು ಜಗತ್ತಿಗೆಲ್ಲ ಹರಡಿದವು. ನಮ್ಮಲ್ಲೂ ಅರಿಶಿಣದ ದಿನ ಹೆಂಗಸರು ಒಳಗೆ ಕುಣಿಯುತ್ತಾರಲ್ವಾ? ನಮ್ಮ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಕಾಸು, ಕನ್ನಡಿ ಹೊಲಿದ ಬಟ್ಟೆಯಲ್ಲಿ ಕುಣಿದರೆ ನಾವೇ ನಿಂತು ಮೆಚ್ಚುತ್ತೇವೆ. ಸೊಸೆಯ ಸೊಂಟದ ಕಾಸಿಗೆ ಮಾತ್ರ ಯಾಕೆ ನಾಚಿಕೆ?

ಇನ್ನೊಂದು ಮಾತು. ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಹೊತ್ತು ಮುಳುಗುತ್ತದೆ. ಗಂಡ ಆಫೀಸಿಗೆ ಹೋದರೆ ಇಡೀ ದಿನ ಕನ್ನಡದಲ್ಲಿ ಮಾತಾಡೋಕೆ ಒಂದು ಜೀವ ಇರುವುದಿಲ್ಲ, ಕಿಟಕಿ ತೆಗೆದರೆ ಚಳಿ, ಪಕ್ಕದ ಮನೆಯವರ ಮುಖ ವಾರಕ್ಕೊಮ್ಮೆ ಕಂಡರೆ ಹೆಚ್ಚು. ಅಂಥ ಊರಲ್ಲಿ ವಾರಕ್ಕೆ ಒಂದು ಗಂಟೆ ಅವಳ ಹೆಸರು ಹಿಡಿದು ಕರೆಯುವ ಹೆಂಗಸರು ಸಿಕ್ಕಿದ್ದಾರೆ. ಅದನ್ನು ಕಿತ್ತುಕೊಳ್ಳಬೇಡಿ ಅಮ್ಮಾ. ಮುಂದಿನ ಸಲ ವಿಡಿಯೋ ಕಾಲ್‌ನಲ್ಲಿ ಏನು ಕಲಿತೆ ತೋರಿಸು ಅಂತ ಕೇಳಿ. ಓಣಿಯವರದೇ ಚಿಂತೆಯಾದರೆ, ಸ್ಟೇಟಸ್ ಯಾರಿಗೆ ಕಾಣಬೇಕು ಅಂತ ಆರಿಸುವ ಸೌಕರ್ಯ ಫೋನಿನಲ್ಲೇ ಇದೆ. ಅದನ್ನು ಬಳಸುವುದು ಬಿಡುವುದು ಅವಳಿಗೆ ಬಿಟ್ಟದ್ದು.

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ನಾನೂ ಇಂಗ್ಲೆಂಡಿಗೆ ಹೋಗ್ತಿದ್ದೀನಿ. ವಯಸ್ಸು 41, ತೂಕ ಜಾಸ್ತಿ. ಶಾಲೆಯ ಗ್ಯಾದರಿಂಗ್‌ನಲ್ಲಿ ಕೋಲಾಟ ಆಡಿದ್ದು ಬಿಟ್ಟರೆ ಕುಣಿದಿಲ್ಲ. ನನ್ನಂಥವರು ಸೇರಬಹುದಾ? ಹೊಟ್ಟೆ ತೋರಿಸಬೇಕಾ?
– ಸೇಡಂ ರಸ್ತೆ, ಕಲಬುರಗಿ

ಉತ್ತರ: ಖಂಡಿತ ಸೇರಿ. ಹೊಟ್ಟೆ ತೋರಿಸಬೇಕಿಲ್ಲ. ಲೆಗ್ಗಿಂಗ್ಸ್, ಟೀ ಶರ್ಟ್ ಸಾಕು. ಸೊಂಟ ಎಲ್ಲಿದೆ ಅಂತ ಟೀಚರ್‌ಗೆ ಕಾಣಬೇಕು, ಅದಕ್ಕೇ ಆ ಕಾಸಿನ ಪಟ್ಟಿ. ಸಪ್ಪಳ ಕೇಳಿದರೆ ತಾಳಕ್ಕೆ ಸರಿಯಾಗಿ ಬಿತ್ತೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಹೊಸಬರಿಗೆ ಕೊಡೋಕೆ ಎಷ್ಟೋ ಟೀಚರ್‌ಗಳು ಒಂದೆರಡು ಪಟ್ಟಿ ಇಟ್ಟುಕೊಂಡಿರುತ್ತಾರೆ, ಮೊದಲೇ ಕೊಳ್ಳಬೇಡಿ. ಬರಿಗಾಲಲ್ಲಿ ಕುಣಿಯುವುದು ರೂಢಿ, ಆದರೆ ಚಳಿಗಾಲದಲ್ಲಿ ಹಾಲ್‌ನ ನೆಲ ಮಂಜಿನ ಹಾಗಿರುತ್ತದೆ, ಜಾರದಂಥ ಸಾಕ್ಸ್ ಇರಲಿ.

ನೀವು ಹೋಗುವ ತಿಂಗಳೂ ಒಳ್ಳೆಯದೇ. ಅಲ್ಲಿ ಇಂಥ ಕ್ಲಾಸುಗಳು ಶಾಲೆಯ ಅವಧಿಗೆ ಹೊಂದಿಕೊಂಡು ನಡೆಯುವುದು ಜಾಸ್ತಿ: ಸೆಪ್ಟೆಂಬರ್, ಜನವರಿ, ಆಮೇಲೆ ಈಸ್ಟರ್ ಕಳೆದ ಮೇಲೆ ಹೊಸ ಬ್ಯಾಚ್. ಊರ ಲೈಬ್ರರಿಯ ನೋಟಿಸ್ ಬೋರ್ಡ್ ನೋಡಿ, ಕೌನ್ಸಿಲ್‌ನವರು, ಅಂದರೆ ಅಲ್ಲಿನ ಸ್ಥಳೀಯ ಆಡಳಿತದವರು, ದೊಡ್ಡವರಿಗೆ ನಡೆಸುವ ತರಗತಿಗಳ ಪಟ್ಟಿ ನೋಡಿ. ಕೆಲವು ಕಡೆ ಇಡೀ ಅವಧಿಯ ದುಡ್ಡು ಒಟ್ಟಿಗೆ ಕೇಳುತ್ತಾರೆ, ಕೆಲವು ಕಡೆ ಬಂದ ದಿನಕ್ಕಷ್ಟೇ. ಮೊದಲು ಒಂದು ದಿನ ಬಂದು ನೋಡಬಹುದಾ ಅಂತ ಕೇಳಿ.

ಇನ್ನು ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಭಯ ಇರುವುದು ಅಲ್ಲೇ. ಮೊದಲು ಮೈ ಬಿಸಿ ಮಾಡಿಸುತ್ತಾರೆ. ಆಮೇಲೆ ಮಂಡಿ ಸ್ವಲ್ಪ ಸಡಿಲ ಬಿಟ್ಟು, ಬೆನ್ನು ನೇರ ಮಾಡಿ ನಿಲ್ಲಿಸುತ್ತಾರೆ. ಈ ನಿಲುವೇ ಅರ್ಧ ವಿದ್ಯೆ. ಸೊಂಟ ಹಿಂದಕ್ಕೆ ಚಾಚಿ ನಿಂತರೆ ಮರುದಿನ ನಡು ಹಿಡಿದುಕೊಳ್ಳುತ್ತದೆ. ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದು ಬದಿಯ ಸೊಂಟ ಎತ್ತಿ ಕೆಳಗೆ ಬಿಡುವುದು, ಸೊಂಟದಲ್ಲಿ ಇಂಗ್ಲಿಷಿನ ಎಂಟು ಬರೆಯುವುದು, ಎದೆಯನ್ನಷ್ಟೇ ಆ ಕಡೆ ಈ ಕಡೆ ಸರಿಸುವುದು. ಎಲ್ಲರೂ ಕೇಳುವುದು ಆ ನಡುಗುವ ಸೊಂಟದ ಬಗ್ಗೆ, ಅದಕ್ಕೆ ಶಿಮ್ಮಿ ಅಂತಾರೆ. ಅದು ಹುಟ್ಟುವುದು ಮಂಡಿಯಲ್ಲಿ. ಎರಡೂ ಮಂಡಿ ಒಂದಾದ ಮೇಲೊಂದು ಸಣ್ಣಗೆ ಮಡಚಿ ಬಿಚ್ಚುತ್ತಾ ಹೋದರೆ ಸೊಂಟ ತಾನೇ ಅಲುಗುತ್ತದೆ. ತೂಕ ಇರುವವರ ಶಿಮ್ಮಿ ಎಷ್ಟು ಚಂದ ಕಾಣುತ್ತದೆ ಅಂದರೆ, ಕನ್ನಡಿಯಲ್ಲಿ ನೋಡಿಕೊಂಡ ದಿನ ನೀವೇ ಒಪ್ಪುತ್ತೀರಿ. ಒಂದು ಅಂಗ ಅಲುಗಿಸುವಾಗ ಉಳಿದದ್ದು ಸುಮ್ನೆ ಇರಬೇಕು, ಅದೇ ಕಷ್ಟ. ಅದಕ್ಕೆ ತಿಂಗಳುಗಟ್ಟಲೆ ಬೇಕು, ಬೇಜಾರಾಗಬೇಡಿ.

ತಾಳದ ವಿಷಯದಲ್ಲಿ ನಮ್ಮ ಕಡೆಯವರಿಗೆ ಕಿವಿ ಮೊದಲೇ ತಯಾರಿರುತ್ತದೆ ಅಂತ ನನ್ನ ನಂಬಿಕೆ. ಮೊಹರಂನಲ್ಲಿ ಅಲಾಯಿ ಕುಣಿತಕ್ಕೆ ಬಡಿಯುವ ಹಲಗಿ ಕೇಳುತ್ತಾ ಬೆಳೆದವರು ನಾವು. ಬೆಲ್ಲಿ ಡಾನ್ಸ್‌ಗೆ ಬಡಿಯುವುದು ದರ್ಬುಕಾ ಎಂಬ ಚರ್ಮವಾದ್ಯ. ನಡುವೆ ಹೊಡೆದರೆ ದುಂ, ಅಂಚಿಗೆ ಹೊಡೆದರೆ ತಕ್. ಮಕ್ಸೂಮ್ ಅನ್ನುವ ತಾಳ ಮೊದಲು ಕಲಿಸುತ್ತಾರೆ: ದುಂ ತಕ್, ತಕ್ ದುಂ, ತಕ್. ಮನೆಯಲ್ಲಿ ಮೇಜಿನ ಮೇಲೆ ಬಡಿದು ನೋಡಿ. ಮುಂದೆ ಕೋಲು ಹಿಡಿದು ಕುಣಿಯುವುದೂ ಬರುತ್ತದೆ. ಅದರ ಬೇರು ಈಜಿಪ್ಟಿನ ದಕ್ಷಿಣದ ಗಂಡಸರ ಕೋಲು ವರಸೆ ತಹ್ತೀಬ್‌ನಲ್ಲಿದೆ. ಯುನೆಸ್ಕೊ 2016ರಲ್ಲಿ ತಹ್ತೀಬ್ ಅನ್ನು ತನ್ನ ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿಸಿತು. ಗ್ಯಾದರಿಂಗ್‌ನ ಕೋಲಾಟ ಆಗ ನೆನಪಾಗುತ್ತದೆ ನಿಮಗೆ.

ಆಗಾಗ ಹಫ್ಲಾ ಅಂತ ಕೂಟ ಮಾಡುತ್ತಾರೆ. ಎಲ್ಲರೂ ಏನಾದರೂ ತಿನ್ನೋಕೆ ತರುತ್ತಾರೆ, ಕುಣಿಯುವವರು ಕುಣಿಯುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಶೇಂಗಾ ಹೋಳಿಗೆ ಒಯ್ಯಿರಿ, ಕಡಲೆಕಾಯಿ ಅಲರ್ಜಿ ಇದ್ದವರು ಇದ್ದಾರಾ ಅಂತ ಕೇಳಿಕೊಂಡು.

ಪ್ರಶ್ನೆ: ಏಳು ವರ್ಷ ಭರತನಾಟ್ಯ ಕಲಿತಿದ್ದೇನೆ. ಇಂಗ್ಲೆಂಡಿಗೆ ಓದೋಕೆ ಹೋದಾಗ ಬೆಲ್ಲಿ ಡಾನ್ಸ್ ಸೇರಿದರೆ ನನ್ನ ಭರತನಾಟ್ಯ ಕೆಡುತ್ತದಾ?
– ಬೀದರ್

ಉತ್ತರ: ಕೆಡುವುದಿಲ್ಲ ತಂಗಿ, ಆದರೆ ಮೊದಮೊದಲು ಮೈ ಗೊಂದಲವಾಗುತ್ತದೆ. ಅರಮಂಡಿಯಲ್ಲಿ, ಅಂದರೆ ಮಂಡಿ ಮಡಚಿ ಅರ್ಧ ಕೂತ ನಿಲುವಿನಲ್ಲಿ, ಸೊಂಟ ಕದಲಬಾರದು ಅಂತ ನಿನಗೆ ಕಲಿಸಿದ್ದಾರೆ, ಇಲ್ಲಿ ಕದಲಬೇಕಾದದ್ದೇ ಅದು. ಅಲ್ಲಿ ಅಂಗಾಲು ನೆಲಕ್ಕೆ ಬಡಿಯಬೇಕು, ಇಲ್ಲಿ ಹೆಜ್ಜೆ ಕೇಳಿಸಬಾರದು. ಎರಡನ್ನೂ ಬೇರೆ ಬೇರೆ ದಿನ ಅಭ್ಯಾಸ ಮಾಡು. ಟ್ರೈಬಲ್ ಸ್ಟೈಲ್ ಅನ್ನುವ ಒಂದು ಬಗೆಯೂ ಇದೆ, ಅದನ್ನು ಕರೊಲೀನಾ ನೆರಿಸಿಯೊ ಎಂಬವರು 1987ರಿಂದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೆಳೆಸಿದರು. ಅದರಲ್ಲಿ ನಮ್ಮ ಚೋಲಿ ಹಾಕುತ್ತಾರೆ, ಗುಂಪಿನಲ್ಲಿ ಮುಂದಿನವಳ ಸನ್ನೆ ನೋಡಿ ಅಲ್ಲಲ್ಲೇ ಕಟ್ಟಿ ಕುಣಿಯುತ್ತಾರೆ. ನಿನಗೆ ಹಿಡಿಸಬಹುದು. ನಿನ್ನ ಗುರುಗಳಿಗೆ ಮಾತ್ರ ಮುಚ್ಚಿಡಬೇಡ.

ಪ್ರಶ್ನೆ: ಬೆಲ್ಲಿ ಡಾನ್ಸ್‌ನಿಂದ ಹೊಟ್ಟೆ ಕರಗುತ್ತದಾ? ಸಿಸೇರಿಯನ್ ಆಗಿದೆ.
– ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಹೊಟ್ಟೆಯ ಕೊಬ್ಬು ಮಾತ್ರ ಕರಗಿಸುವ ವ್ಯಾಯಾಮ ಯಾವುದೂ ಇಲ್ಲ. ಆದರೆ ಹೊಟ್ಟೆ, ನಡುವಿನ ಸ್ನಾಯು ಗಟ್ಟಿಯಾಗುತ್ತವೆ, ನಿಲ್ಲುವ ರೀತಿ ಸರಿಹೋಗುತ್ತದೆ. ದೊಡ್ಡವರು ವಾರಕ್ಕೆ 150 ನಿಮಿಷವಾದರೂ ಉಸಿರು ಸ್ವಲ್ಪ ಜೋರಾಗುವಂಥ ಚಟುವಟಿಕೆ ಮಾಡಬೇಕು ಅಂತ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯವರು ಹೇಳುತ್ತಾರೆ, ಈ ಕ್ಲಾಸೂ ಅದರ ಲೆಕ್ಕಕ್ಕೆ ಬರುತ್ತದೆ. ಸಿಸೇರಿಯನ್ ಆದವರು ಗಾಯ ಪೂರ್ತಿ ಮಾಗಿದೆ, ಕುಣಿಯಬಹುದು ಅಂತ ಡಾಕ್ಟರ್ ಹೇಳುವ ತನಕ ಸೇರಬಾರದು. ಅಲ್ಲಿ ಹೆರಿಗೆಯಾಗಿ 6ರಿಂದ 8 ವಾರಕ್ಕೆ ಒಂದು ತಪಾಸಣೆ ಇರುತ್ತದೆ, ಆಗಲೇ ಕೇಳಬಹುದು. ಸೇರಿದ ಮೇಲೂ ಟೀಚರ್‌ಗೆ ಮೊದಲ ದಿನವೇ ವಿಷಯ ಹೇಳಿ. ಕೆಮ್ಮಿದಾಗ, ಕುಣಿಯುವಾಗ ಮೂತ್ರ ಸೋರಿದರೆ ನಾಚಿಕೊಂಡು ಸುಮ್ಮನಿರಬೇಡಿ, ಅದಕ್ಕೆ ಫಿಸಿಯೋಥೆರಪಿ ಇದೆ.