ವುಟುನ್ ಭಾಷೆ ಚೀನಿ ಕಡೆಯದಾ, ಟಿಬೆಟನ್ ಕಡೆಯದಾ? 200 ಪದಗಳ ಪಟ್ಟಿ ಮಾಡಿದರೆ ಗೊತ್ತಾಗುತ್ತಾ? ಅಂತ ಕೇಳಿದ್ದೀರಿ.

ಇದೇ ಪಟ್ಟಿ ನಾನೂ ಮಾಡಿದ್ದೆ. ಒಂದು ವರ್ಷ ಹಾಳಾಯಿತು.

ಎಂ.ಎ. ಓದುವಾಗ ಚೀನಾದ ಚಿಂಗ್‌ಹಾಯ್ ಪ್ರಾಂತ್ಯದ ಟೊಂಗ್‌ರೆನ್‌ಗೆ ಹೋಗಿದ್ದೆ. ಅಲ್ಲಿನ ಕೆಲವೇ ಹಳ್ಳಿಗಳಲ್ಲಿ ಸುಮಾರು 4,000 ಜನ ಈ ಭಾಷೆ ಆಡುತ್ತಾರೆ. ಥಾಂಕಾ, ಅಂದರೆ ಟಿಬೆಟನ್ ಬೌದ್ಧರ ಬಟ್ಟೆ ಮೇಲಿನ ಚಿತ್ರ, ಬರೆಯುವ ಒಬ್ಬ ಹಿರಿಯರ ಪಕ್ಕ ಕೂತು ಚೀನಿಯಲ್ಲಿ ಒಂದೊಂದೇ ಪದ ಕೇಳಿದೆ. ಬಂದ ಉತ್ತರಗಳಲ್ಲಿ ಜಾಸ್ತಿ ಚೀನಿ ಪದಗಳೇ. ಚೀನಿಯ ಟೋನ್, ಅಂದರೆ ಪದದ ಅರ್ಥ ಬದಲಿಸುವ ದನಿಯ ಏರಿಳಿತ, ಮಾತ್ರ ಇರಲಿಲ್ಲ. 'ಚೀನಿಯ ಉಪಭಾಷೆ' ಅಂತ ಬರೆದುಬಿಟ್ಟೆ.

ಕೊನೆಯ ದಿನ ಸುಮ್ನೆ ಹತ್ತೊಂಬತ್ತು ವಾಕ್ಯ ಕೇಳಿದ್ದೆ. ಒಂದರಲ್ಲಿ ಕುಂಚ ಅನ್ನುವ ಪದ ಆದಮೇಲೆ 'ಲ್ಯಾಂಗ್ಗೆ' ಬಂತು. ಚೀನಿಯಲ್ಲಿ ಅದು 'ಎರಡು'. 'ಎರಡು ಕುಂಚ' ಅಂತ ಬರೆದುಕೊಂಡೆ. ಇನ್ನೊಂದರಲ್ಲಿ ಅಮ್ಮ ಆದಮೇಲೆ ಅದೇ ಬಂತು. 'ಅಮ್ಮ, ಇಬ್ಬರು' ಅಂತ ಬರೆದೆ. ಚೀನಿಯಲ್ಲಿ ಎಣಿಕೆ ಹೆಸರಿಗಿಂತ ಮೊದಲು ಬರುತ್ತದೆ. ಇಲ್ಲಿ ಆಮೇಲೆ ಬಂದಿದೆ ಅನ್ನುವುದು ಕಣ್ಣೆದುರೇ ಇತ್ತು. ಅದು ಎಣಿಕೆಯೇ ಅಲ್ಲ, ವಿಭಕ್ತಿ. 'ಕುಂಚದಿಂದ', 'ಅಮ್ಮನ ಜೊತೆ'. ಪದ ಚೀನಿಯದು, ಮಾಡುವ ಕೆಲಸ ಬೇರೆ. ನಾನು ಧಾರವಾಡದವಳು. 'ನನ್ನ ಜೋಡಿ ಬಾ' ಅಂತ ದಿನಾ ಹೇಳುವವಳು. ಎರಡು ಅನ್ನುವ ಅರ್ಥದ ಪದ 'ಜೊತೆ' ಆಗುವುದು ನನಗೆ ಹೊಸದಲ್ಲ. ಕ್ರಿಯಾಪದ ಕೊನೆಗೆ ಬರುವುದೂ ನಮ್ಮ ಹಾಗೆಯೇ. ಆದರೂ ಕಿವಿ ಬಿಟ್ಟು ಚೀನಿ ನಿಘಂಟು ನಂಬಿದೆ.

ಪ್ರಬಂಧ ವಾಪಸ್ ಬಂತು. ಮತ್ತೆ ಹೋಗಲು ದುಡ್ಡಿರಲಿಲ್ಲ. ಆ ಹತ್ತೊಂಬತ್ತು ವಾಕ್ಯಗಳನ್ನೇ ತಿಂಗಳುಗಟ್ಟಲೆ ಕೇಳಿದೆ. ಕ್ರಿಯಾಪದಕ್ಕೆ ತಾನೇ ಮಾಡಿದ್ದಕ್ಕೆ ಒಂದು ಪ್ರತ್ಯಯ, ಕಂಡದ್ದಕ್ಕೆ ಅಥವಾ ಊಹಿಸಿದ್ದಕ್ಕೆ ಇನ್ನೊಂದು. ಆ ಸುತ್ತಿನ ಟಿಬೆಟನ್ನರು ಆಡುವ ಅಮ್ಡೋ ಟಿಬೆಟನ್ ರೀತಿ. ಪದಪಟ್ಟಿಯಲ್ಲಿ ಇದರ ಸುಳಿವೂ ಇರಲಿಲ್ಲ.

ಹಾಗಾಗಿ 'ಯಾವ ಕಡೆಯದು' ಅನ್ನುವ ಪ್ರಶ್ನೆಯನ್ನೇ ಬಿಡಿ. ಪದ ಒಂದು ಕಡೆಯಿಂದ, ವ್ಯಾಕರಣ ಇನ್ನೊಂದು ಕಡೆಯಿಂದ ಬಂದ ಭಾಷೆಯನ್ನು ಒಂದು ಕಡೆ ತಳ್ಳಿದರೆ ಅರ್ಧ ಕಳೆದುಕೊಳ್ಳುತ್ತೀರಿ. ಚೀನಿ ಸ್ವಲ್ಪ ಗೊತ್ತು ಅಂದಿದ್ದೀರಿ, ಸದ್ಯಕ್ಕೆ ಸಾಕು. ಅಮ್ಡೋ ಟಿಬೆಟನ್ ಕಲಿಯಿರಿ. ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಹೋಗುವುದಾದರೆ ಅಮ್ಡೋದಿಂದ ಬಂದ ಭಿಕ್ಷುಗಳನ್ನೇ ಹುಡುಕಿ. ಲಾಸಾ ಕಡೆಯ ಮಾತು ಬೇರೆ. ಆಮೇಲೆ ವುಟುನ್‌ಗೆ ಹೋದಾಗ ಪದ ಕೇಳಬೇಡಿ. ಬೆಳಿಗ್ಗೆಯಿಂದ ಏನೇನು ಮಾಡಿದಿರಿ ಅಂತ ಕೇಳಿ, ರೆಕಾರ್ಡರ್ ಹಾಕಿ, ಮಧ್ಯೆ ಬಾಯಿ ಹಾಕದೆ ಕೂತುಕೊಳ್ಳಿ.