ಲೋಲಕದಲ್ಲಿ ‘ಜಿ’ 10.7 ಬಂದರೆ ಮೊದಲು ಎಣಿಕೆ ನೋಡಿ
ಲೋಲಕ ತೂಗಿಸಿ ‘ಜಿ’ (ಗುರುತ್ವ ವೇಗೋತ್ಕರ್ಷ, ಬರಬೇಕಾದ್ದು ಸುಮಾರು 9.81 ಮೀ/ಸೆ²) ಅಳೆದಾಗ 100 ಸೆಂ.ಮೀ. ದಾರ, 20 ಆಂದೋಲನಕ್ಕೆ 38.4 ಸೆಕೆಂಡು, ‘ಜಿ’ 10.7 ಬಂತು ಅಂದಿರಿ. ಸೂತ್ರ (ಜಿ = 4π² × ಉದ್ದ ÷ ಅವಧಿ²; ಅವಧಿ ಅಂದರೆ ಒಂದು ಆಂದೋಲನದ ಸಮಯ) ಸರಿಯಾಗೇ ಇದೆ, ಎಡವಟ್ಟಾಗಿರುವುದು ಎಣಿಕೆಯಲ್ಲಿ. ಸ್ಟಾಪ್‌ವಾಚ್ ಒತ್ತುವಾಗಲೇ ‘ಒಂದು’ ಅಂದಿರಬೇಕು. ಹಾಗಾದರೆ ಆಗಿದ್ದು 19 ಆಂದೋಲನ ಮಾತ್ರ. ‘ಸೊನ್ನೆ’ಯಿಂದ ಶುರು ಮಾಡಿ. 38.4 ಅನ್ನು 19ರಿಂದ ಭಾಗಿಸಿದರೆ ಅವಧಿ 2.02 ಸೆಕೆಂಡು, ‘ಜಿ’ ಸುಮಾರು 9.67.

ಉಳಿದ ಕೊರತೆ ಉದ್ದದ್ದು. ದಾರದ ತುದಿವರೆಗಲ್ಲ, ಗುಂಡಿನ ಕೇಂದ್ರದವರೆಗೆ ಅಳೆಯಬೇಕು. ಕೊಕ್ಕೆ, ತ್ರಿಜ್ಯ ಸೇರಿ 1.5 ಸೆಂ.ಮೀ. ಇದ್ದರೆ ಲೆಕ್ಕ 9.81ಕ್ಕೆ ಬಂದು ನಿಲ್ಲುತ್ತದೆ.

ಇನ್ನೊಂದು, ತೂಗಾಟದ ತುದಿಯಲ್ಲಿ ಎಣಿಸಬೇಡಿ. ಅಲ್ಲಿ ಗುಂಡು ನಿಂತಂತಿರುತ್ತದೆ, ಕ್ಷಣ ಹಿಡಿಯಲಾಗದು. ನಡುವೆ ಗುರುತಿಟ್ಟು, ಒಂದೇ ದಿಕ್ಕಿನಲ್ಲಿ ದಾಟುವಾಗ ಎಣಿಸಿ. ಲಂಬದಿಂದ ತೂಗುವ ಕೋನ 10 ಡಿಗ್ರಿಯೊಳಗಿರಲಿ. 30 ಆದರೆ ಅವಧಿ ಶೇ. 1.7ರಷ್ಟು ಹೆಚ್ಚುತ್ತದೆ. ಗುಂಡಿನ ತೂಕದ ಚಿಂತೆ ಬಿಡಿ.