ಐದು ನಿಮಿಷದ ಭಾಷಣಕ್ಕೆ ಯಾರನ್ನು ಆರಿಸಬೇಕು?

ದಾವಣಗೆರೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ನನ್ನ ಮೊಮ್ಮಗಳು ಕ್ಯಾಲಿಫೋರ್ನಿಯಾದಲ್ಲಿ ಐದನೇ ಕ್ಲಾಸು. ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಅಲ್ಲಿ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರ, ಪರಂಪರೆಯ ತಿಂಗಳಂತೆ. ಆ ಜನರಲ್ಲಿ ಒಬ್ಬರ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ. ಮಗ ಸೀಸರ್ ಚಾವೇಜ್ ಅನ್ನುತ್ತಾನೆ, ಸೊಸೆ ಯಾರೋ ಹಾಡುಗಾರ್ತಿಯ ಹೆಸರು ಹೇಳುತ್ತಾಳೆ. ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ನಾನು ಓದಿದ್ದೇನೆ. ಈ ಜನ ಹಾಡು, ಕುಣಿತ ಬಿಟ್ಟು ತಮ್ಮ ಹಕ್ಕುಗಳಿಗಾಗಿ ಹೋರಾಡಿದ್ದನ್ನು ಎಲ್ಲೂ ಓದಿಲ್ಲ. ನೀವೇ ಒಂದು ಹೆಸರು ಹೇಳಿ. ನಮಗೂ ಇವರಿಗೂ ಏನಾದರೂ ನಂಟಿದ್ದರೆ ಅದನ್ನೂ ಬರೆಯಿರಿ."

ನಮಸ್ಕಾರ ಅಮ್ಮಾ,

ನೀವು ಕೇಳಿದ ಒಂದು ಹೆಸರು ಮೊದಲು ಹೇಳಿಬಿಡುತ್ತೇನೆ. ಸಿಲ್ವಿಯಾ ಮೆಂಡೆಜ್. ನಿಮ್ಮ ಮೊಮ್ಮಗಳಿಗಿಂತ ಚಿಕ್ಕ ವಯಸ್ಸಿನಲ್ಲೇ ಅವಳ ಶಾಲೆಯ ವಿಷಯ ಕೋರ್ಟಿಗೆ ಹೋಯಿತು. ಅದೂ ನಿಮ್ಮ ಮೊಮ್ಮಗಳು ಇರುವ ಅದೇ ಕ್ಯಾಲಿಫೋರ್ನಿಯಾದಲ್ಲಿ.

ಎರಡನೇ ಮಹಾಯುದ್ಧದ ಸಮಯ. ಗೊನ್ಸಾಲೊ ಮೆಂಡೆಜ್ ಮೆಕ್ಸಿಕೊದಲ್ಲಿ ಹುಟ್ಟಿದವರು, ಹೆಂಡತಿ ಫೆಲಿಸಿಟಾಸ್ ಪೋರ್ಟೊ ರಿಕೊದವರು. ಆರೆಂಜ್ ಕೌಂಟಿಯ ವೆಸ್ಟ್‌ಮಿನ್‌ಸ್ಟರ್ ಎಂಬ ಊರಿನಲ್ಲಿ ಒಂದು ತೋಟ ಗುತ್ತಿಗೆಗೆ ಸಿಕ್ಕಿತು. ಆ ತೋಟ ಮುನೆಮಿತ್ಸು ಎಂಬ ಜಪಾನಿ ಮೂಲದ ಕುಟುಂಬದ್ದು. ಜಪಾನಿನ ಜೊತೆ ಯುದ್ಧ ಶುರುವಾದ ಮೇಲೆ ಸರ್ಕಾರ ಅಂಥ ಕುಟುಂಬಗಳನ್ನೆಲ್ಲ ಹಿಡಿದು ಶಿಬಿರಗಳಿಗೆ ಕಳಿಸಿತ್ತು. ಮುನೆಮಿತ್ಸು ಮನೆಯವರು ಅರಿಜೋನಾದ ಶಿಬಿರದಲ್ಲಿದ್ದರು. ಜಮೀನು ಕೈತಪ್ಪಬಾರದೆಂದು ಮೆಂಡೆಜ್ ಅವರಿಗೆ ಗುತ್ತಿಗೆ ಕೊಟ್ಟರು. ಒಂದು ಕುಟುಂಬಕ್ಕೆ ಆದ ಅನ್ಯಾಯದ ನಡುವೆ ಇನ್ನೊಂದು ಕುಟುಂಬಕ್ಕೆ ಬೇಸಾಯ ಸಿಕ್ಕಿತು, ಆ ಬೇಸಾಯದ ಹಣವೇ ಮುಂದೆ ಕೇಸಿನ ಖರ್ಚಿಗೆ ಬಂತು. ಇದನ್ನು ಭಾಷಣದಲ್ಲಿ ಬಿಡಬೇಡಿ.

ಮಕ್ಕಳನ್ನು ಶಾಲೆಗೆ ಸೇರಿಸಲು ಸೋದರತ್ತೆ ಸೊಲೆದಾದ್ ವಿದೌರಿ ಕರೆದುಕೊಂಡು ಹೋದರು. ಅವರ ಸ್ವಂತ ಮಕ್ಕಳೂ ಜೊತೆಗಿದ್ದರು. ಆ ಮಕ್ಕಳದು ಬಿಳಿ ಮೈಬಣ್ಣ, ಮನೆತನದ ಹೆಸರೂ ಫ್ರೆಂಚರ ಹೆಸರಿನಂತೆ ಕೇಳುತ್ತಿತ್ತು. ಅವರನ್ನು ಸೇರಿಸಿಕೊಳ್ಳುತ್ತೇವೆ ಅಂದರು. ಸಿಲ್ವಿಯಾ ಮತ್ತು ಅವಳ ತಮ್ಮಂದಿರಿಗೆ ಮಾತ್ರ, ಮೆಕ್ಸಿಕನ್ ಮೂಲದ ಮಕ್ಕಳಿಗೆಂದೇ ಬೇರೆ ಇಟ್ಟಿದ್ದ ಮೆಕ್ಸಿಕನ್ ಶಾಲೆಗೆ ಹೋಗಿ ಅಂದರು. ಆ ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ಹಾಗಾದರೆ ನನ್ನ ಮಕ್ಕಳೂ ಬೇಡ ಎಂದು ಎಲ್ಲರನ್ನೂ ವಾಪಸ್ ಕರೆತಂದರು. ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ಜಾಸ್ತಿ ಇಷ್ಟವಾಗುವವರು ಅವರೇ. ಸೀಟು ಕೈಗೆ ಬಂದಿತ್ತು. ತೆಗೆದುಕೊಂಡು ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಗೊನ್ಸಾಲೊ ಮೇಷ್ಟ್ರನ್ನು ಕೇಳಿದರು, ಶಾಲಾ ಮಂಡಳಿಯನ್ನು ಕೇಳಿದರು. ಆಗಲಿಲ್ಲ. ಕೊನೆಗೆ ಡೇವಿಡ್ ಮಾರ್ಕಸ್ ಎಂಬ ವಕೀಲರನ್ನು ಹಿಡಿದರು. ಒಬ್ಬರದೇ ಕೇಸು ಆದರೆ ಬಲ ಸಾಲದು ಎಂದು ಬೇರೆ ಊರುಗಳಿಗೆ ಹೋಗಿ ಇನ್ನೂ ನಾಲ್ಕು ಜನ ತಂದೆಯರನ್ನು ಜೊತೆ ಮಾಡಿಕೊಂಡರು. 1945ರ ಮಾರ್ಚ್‌ನಲ್ಲಿ, ಸುಮಾರು 5,000 ಮಕ್ಕಳ ಪರವಾಗಿ, ನಾಲ್ಕು ಶಾಲಾ ಜಿಲ್ಲೆಗಳ ಮೇಲೆ ದಾವೆ ಹೂಡಿದರು. ಗಂಡ ಊರೂರು ತಿರುಗುವಾಗ ತೋಟ ನಡೆಸಿದವರು ಫೆಲಿಸಿಟಾಸ್.

ಕೋರ್ಟಿನಲ್ಲಿ ಶಾಲಾ ಅಧಿಕಾರಿಯೊಬ್ಬರು, ಮೆಕ್ಸಿಕನ್ ಮಕ್ಕಳು ಶುಚಿತ್ವದಲ್ಲೂ ಬುದ್ಧಿಯಲ್ಲೂ ಕಡಿಮೆ ಎಂದು ಸಾಕ್ಷಿ ಹೇಳಿದರು. ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಬೇರೆ ಶಾಲೆ ಎಂಬ ವಾದವೂ ಬಂತು. ಅದಕ್ಕೆ ಉತ್ತರವಾಗಿ 14 ವರ್ಷದ ಹುಡುಗಿಯೊಬ್ಬಳು ಸಾಕ್ಷಿಕಟ್ಟೆಗೆ ಬಂದು ಚೆನ್ನಾದ ಇಂಗ್ಲಿಷಿನಲ್ಲಿ ಮಾತಾಡಿದಳು. ನ್ಯಾಯಾಧೀಶ ಪಾಲ್ ಮೆಕಾರ್ಮಿಕ್ 1946ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟರು. ಒಂದೇ ಪುಸ್ತಕ, ಒಂದೇ ಥರದ ಕಟ್ಟಡ ಕೊಟ್ಟರೆ ಸಮಾನತೆ ಆಗುವುದಿಲ್ಲ, ಯಾವ ಮೂಲದವರಾದರೂ ಮಕ್ಕಳು ಒಟ್ಟಿಗೆ ಕೂತು ಕಲಿಯಬೇಕು ಎಂಬುದು ಅದರ ಸಾರ. ಬೇರೆ ಕೂರಿಸಿದರೆ ಇಂಗ್ಲಿಷ್ ಕಲಿಯುವುದೂ ನಿಧಾನವಾಗುತ್ತದೆ ಎಂದೂ ಹೇಳಿದರು.

ಈಗ ನೀವು ಓದಿರುವ ಚರಿತ್ರೆಗೆ ಇದು ಎಲ್ಲಿ ಸೇರುತ್ತದೆ ನೋಡಿ. ಶಾಲೆಯವರು ಮೇಲ್ಮನವಿ ಹೋದಾಗ ಮೆಂಡೆಜ್ ಪರವಾಗಿ ಕರಿಯರ ಹಕ್ಕಿನ ಸಂಘಟನೆಯೂ ಕೋರ್ಟಿಗೆ ಬರಹ ಸಲ್ಲಿಸಿತು. ಬರೆದವರಲ್ಲಿ ಆ ಸಂಘಟನೆಯ ವಕೀಲ ಥರ್ಗುಡ್ ಮಾರ್ಷಲ್ ಒಬ್ಬರು. 1947ರ ಏಪ್ರಿಲ್‌ನಲ್ಲಿ ಮೇಲಿನ ಕೋರ್ಟೂ ಮೆಂಡೆಜ್ ಪರವೇ ನಿಂತಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ತನ್ನ ಕಾನೂನಿನಿಂದ ಬೇರೆ ಶಾಲೆಯ ಕಲಮುಗಳನ್ನು ತೆಗೆದುಹಾಕಿತು, ಸಹಿ ಹಾಕಿದ ಗವರ್ನರ್ ಅರ್ಲ್ ವಾರನ್. ಏಳು ವರ್ಷ ಕಳೆದು, 1954ರಲ್ಲಿ, ಕರಿಯ, ಬಿಳಿಯ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಇಡೀ ದೇಶದಲ್ಲೇ ಕೂಡದು ಎಂಬ ಸುಪ್ರೀಂ ಕೋರ್ಟಿನ ಬ್ರೌನ್ ತೀರ್ಪು ಬಂದಾಗ ಕರಿಯ ಮಕ್ಕಳ ಪರ ವಾದಿಸಿದವರು ಅದೇ ಮಾರ್ಷಲ್. ಮುಖ್ಯ ನ್ಯಾಯಾಧೀಶರಾಗಿ ತೀರ್ಪು ಬರೆದವರು ಅದೇ ವಾರನ್. ಕರಿಯರ ಹೋರಾಟ ಒಂದು ಕಡೆ, ಇವರದು ಇನ್ನೊಂದು ಕಡೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಿರಲಿಲ್ಲ.

ಕೇಸು ಹೂಡಿದಾಗ ಸಿಲ್ವಿಯಾ ಎಂಟು ವರ್ಷದ ಹುಡುಗಿ. ಅಪ್ಪ ಅಮ್ಮ ಕೋರ್ಟಿಗೆ ಅಲೆಯುವುದು ಚೆನ್ನಾದ ಆಟದ ಮೈದಾನ ಇರುವ ಶಾಲೆಗಾಗಿ ಎಂದೇ ಅವಳು ತಿಳಿದಿದ್ದಳು. ಮುಂದೆ ನರ್ಸ್ ಆಗಿ ಕೆಲಸ ಮಾಡಿದರು. ಈ ಕೇಸಿನ ವಿಷಯ ಯಾರಿಗೂ ಗೊತ್ತಿಲ್ಲ, ನೀನು ಹೇಳು ಎಂದು ತಾಯಿ ಕೇಳಿಕೊಂಡಿದ್ದರಿಂದ, ನಿವೃತ್ತಿಯಾದ ಮೇಲೆ ಶಾಲೆ ಶಾಲೆಗೆ ಹೋಗಿ ಹೇಳತೊಡಗಿದರು. 2011ರಲ್ಲಿ ಅಧ್ಯಕ್ಷ ಒಬಾಮ ಅವರಿಂದ ದೇಶದ ಅತಿ ದೊಡ್ಡ ನಾಗರಿಕ ಪದಕ ಪಡೆದರು.

ಇನ್ನು ನಿಮ್ಮ ಮಗ ಹೇಳಿದ ಸೀಸರ್ ಚಾವೇಜ್, ಹೊಲದ ಕೂಲಿಗಳ ಸಂಘದ ಮುಂದಾಳು. ಅವರ ಹೆಸರು ದೊಡ್ಡದು. ಆದರೆ ಹೊಲದ ಕೂಲಿಗಳ ಹೋರಾಟವನ್ನು ಒಬ್ಬ ಗಂಡಸಿನ ಕಥೆಯಾಗಿ ಹೇಳುವುದು ನನಗೆ ಒಪ್ಪಿಗೆಯಿಲ್ಲ.

1935ರಲ್ಲಿ ಅಮೆರಿಕದ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕು ಕೊಟ್ಟ ಕಾನೂನು ಹೊಲದ ಕೂಲಿಗಳನ್ನು ಹೊರಗಿಟ್ಟಿತು. ಬಿಸಿಲಲ್ಲಿ ದಿನವಿಡೀ ದ್ರಾಕ್ಷಿ ಕೀಳುವವರಿಗೆ ಕುಡಿಯಲು ತಣ್ಣೀರಿಲ್ಲ, ಹೆಂಗಸರಿಗೆ ಶೌಚಾಲಯವಿಲ್ಲ. 1965ರ ಸೆಪ್ಟೆಂಬರ್ 8ರಂದು ಕ್ಯಾಲಿಫೋರ್ನಿಯಾದ ಡಿಲೇನೊ ಊರಿನ ದ್ರಾಕ್ಷಿ ತೋಟಗಳಲ್ಲಿ ಮುಷ್ಕರ ಶುರುವಾಯಿತು. ಶುರು ಮಾಡಿದವರು ಚಾವೇಜ್ ಅಲ್ಲ, ಮೆಕ್ಸಿಕನ್ನರೂ ಅಲ್ಲ. ಫಿಲಿಪೀನ್ಸ್ ಮೂಲದ ಫಿಲಿಪಿನೊ ಕೂಲಿಗಳು, ಲ್ಯಾರಿ ಇಟ್ಲಿಯಾಂಗ್ ಅವರ ಮುಂದಾಳತ್ವದಲ್ಲಿ. ಗಂಟೆಗೆ 1.40 ಡಾಲರ್ ಕೂಲಿ ಕೇಳಿದ್ದರು. ತೋಟದ ಮಾಲೀಕರ ಹಳೆಯ ಉಪಾಯ ಒಂದಿತ್ತು. ಫಿಲಿಪಿನೊಗಳು ಕೆಲಸ ನಿಲ್ಲಿಸಿದರೆ ಮೆಕ್ಸಿಕನ್ನರನ್ನು ಕರೆಯುವುದು, ಇವರು ನಿಲ್ಲಿಸಿದರೆ ಅವರನ್ನು. ಆ ಉಪಾಯ ಮುರಿಯಬೇಕೆಂದು ಇಟ್ಲಿಯಾಂಗ್ ಚಾವೇಜ್ ಅವರ ಮುಂದಾಳತ್ವದ ಮೆಕ್ಸಿಕನ್ನರ ಸಂಘದ ಬೆಂಬಲ ಕೇಳಿದರು. ಸೆಪ್ಟೆಂಬರ್ 16ರಂದು, ಮೆಕ್ಸಿಕೊದ ಸ್ವಾತಂತ್ರ್ಯ ದಿನದಂದೇ, ಚರ್ಚಿನಲ್ಲಿ ಸಭೆ ಸೇರಿ ಆ ಸಂಘ ಮುಷ್ಕರಕ್ಕೆ ಕೈ ಜೋಡಿಸಿತು. ಎರಡೂ ಸಂಘ ಮರುವರ್ಷ ಒಂದಾದವು.

ಮೆಕ್ಸಿಕನ್ನರ ಸಂಘವನ್ನು 1962ರಲ್ಲಿ ಚಾವೇಜ್ ಜೊತೆ ಕಟ್ಟಿದವರು ಡೊಲೋರೆಸ್ ವೆರ್ಟಾ. ಅವರು ಮೊದಲು ಶಾಲೆಯ ಟೀಚರ್. ಹಸಿದುಕೊಂಡು, ಕಾಲಿಗೆ ಚಪ್ಪಲಿಯಿಲ್ಲದೆ ಬರುವ ಕೂಲಿಗಳ ಮಕ್ಕಳಿಗೆ ಪಾಠ ಹೇಳುವುದಕ್ಕಿಂತ, ಅವರ ತಂದೆತಾಯಿಗಳನ್ನು ಸಂಘಟಿಸಿದರೆ ಹೆಚ್ಚು ಉಪಯೋಗ ಅನ್ನಿಸಿ ಕೆಲಸ ಬಿಟ್ಟರು. 11 ಮಕ್ಕಳ ತಾಯಿ. ಮಾಲೀಕರ ಎದುರು ಕೂತು ಒಪ್ಪಂದ ಕುದುರಿಸುತ್ತಿದ್ದವರು ಅವರು. ದ್ರಾಕ್ಷಿ ಕೊಳ್ಳಬೇಡಿ ಎಂಬ ಬಹಿಷ್ಕಾರವನ್ನು ನ್ಯೂಯಾರ್ಕ್‌ನಲ್ಲಿ ನಡೆಸಿದವರೂ ಅವರು. ಇಂದು ಎಲ್ಲರ ಬಾಯಲ್ಲಿರುವ "ಸೀ, ಸೆ ಪುಯೆದೆ", ಅಂದರೆ "ಹೌದು, ಆಗುತ್ತದೆ" ಎಂಬ ಘೋಷಣೆ 1972ರಲ್ಲಿ ಅರಿಜೋನಾದಲ್ಲಿ ಅವರು ಕೊಟ್ಟದ್ದು. ತುಂಬಾ ಜನ ಅದನ್ನು ಚಾವೇಜ್ ಹೆಸರಿಗೆ ಬರೆದರು. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಪ್ರತಿಭಟನೆಯಲ್ಲಿ ಪೊಲೀಸರ ಲಾಠಿಯಿಂದ ಪಕ್ಕೆಲುಬು ಮುರಿದುಕೊಂಡಾಗ ಅವರಿಗೆ 58 ವರ್ಷ.

ಮುಷ್ಕರ ಐದು ವರ್ಷ ನಡೆಯಿತು. 1970ರ ಜುಲೈನಲ್ಲಿ ಡಿಲೇನೊದ ಮಾಲೀಕರು ಸಹಿ ಹಾಕಿದರು. 1975ರಲ್ಲಿ ಕ್ಯಾಲಿಫೋರ್ನಿಯಾ ಹೊಲದ ಕೂಲಿಗಳಿಗೆ ಸಂಘ ಕಟ್ಟುವ ಹಕ್ಕನ್ನು ಕಾನೂನಾಗಿ ಕೊಟ್ಟಿತು. ಅದೇ ವರ್ಷ ಗಿಡ್ಡ ಹಿಡಿಯ ಗುದ್ದಲಿಯನ್ನೂ ನಿಷೇಧಿಸಲಾಯಿತು. ಇದು ಸಣ್ಣ ಸಂಗತಿಯಲ್ಲ ಅಮ್ಮಾ. ಆ ಗುದ್ದಲಿ ಹಿಡಿದರೆ ಇಡೀ ದಿನ ಬಗ್ಗಿಯೇ ಕೆಲಸ ಮಾಡಬೇಕು. ಎಷ್ಟೋ ಜನರ ಸೊಂಟ ಅದರಿಂದ ಶಾಶ್ವತವಾಗಿ ಹಾಳಾಗಿತ್ತು. ಚಾವೇಜ್ ಅವರ ಪಾಲು ಇದರಲ್ಲಿ ದೊಡ್ಡದೇ. ಆದರೆ 70ರ ದಶಕದ ಕೊನೆಗೆ ಸಂಘದೊಳಗೆ ಭಿನ್ನಮತ ಸಹಿಸದೆ ಹಳೆಯ ಒಡನಾಡಿಗಳನ್ನು ಹೊರಗೆ ಹಾಕಿದ್ದೂ ಅವರ ಕಾಲದಲ್ಲೇ. ದಾಖಲೆಯಿಲ್ಲದೆ ಗಡಿ ದಾಟಿ ಬಂದ ಬಡ ಮೆಕ್ಸಿಕನ್ನರನ್ನು ಮುಷ್ಕರ ಮುರಿಯುವವರೆಂದು ಕಂಡು ಅವರ ವಿರುದ್ಧ ನಿಂತದ್ದೂ ಉಂಟು. ಹೋರಾಟ ಒಬ್ಬ ಮನುಷ್ಯನ ಹೆಸರಿಗೆ ಅಂಟಿಕೊಂಡರೆ ಆ ಮನುಷ್ಯನ ಕೊರತೆಗಳ ಜೊತೆ ಹೋರಾಟವೂ ಮಂಕಾಗುತ್ತದೆ. ಇಟ್ಲಿಯಾಂಗ್, ವೆರ್ಟಾ ಇವರನ್ನು ಮರೆಯಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಾಡು, ಕುಣಿತ ಬಿಟ್ಟು ಏನು ಮಾಡಿದರು ಎಂದು ಕೇಳಿದ್ದೀರಿ. ಆ ಮುಷ್ಕರದಲ್ಲಿ ಹಾಡು, ನಾಟಕ ಹೋರಾಟದಿಂದ ಬೇರೆಯಾಗಿರಲೇ ಇಲ್ಲ. ಡಿಲೇನೊದಲ್ಲೇ ಕೂಲಿಗಳ ಮನೆಯಲ್ಲಿ ಹುಟ್ಟಿದ ಲೂಯಿಸ್ ವಾಲ್ಡೆಜ್ 1965ರಲ್ಲಿ ವಾಪಸ್ ಬಂದು ಕೂಲಿಗಳನ್ನೇ ನಟರಾಗಿ ಮಾಡಿ ತಂಡ ಕಟ್ಟಿದರು. ಲಾರಿಯ ಹಿಂಭಾಗವೇ ರಂಗ. ವೇಷಭೂಷಣಕ್ಕೆ ದುಡ್ಡಿಲ್ಲ. ಕೊರಳಿಗೆ ಒಂದು ಬೋರ್ಡು: ಒಬ್ಬ "ಮಾಲೀಕ", ಒಬ್ಬ "ಮುಷ್ಕರಗಾರ", ಒಬ್ಬ "ಮುಷ್ಕರ ಮುರಿಯುವವ". ಸಣ್ಣ ಸಣ್ಣ ಆಟಗಳು, ಮಾತು ಬಹಳಷ್ಟು ಅಲ್ಲೇ ಹುಟ್ಟುವುದು. ಓದು ಬರಹ ಬಾರದವರಿಗೂ ಮುಷ್ಕರ ಯಾಕೆ ಅಂತ ಅರ್ಥವಾಗುತ್ತಿತ್ತು. ನಿನ್ನೆಯವರೆಗೆ ಮಾಲೀಕನಿಗೆ ತಲೆ ತಗ್ಗಿಸಿ ನಿಂತಿದ್ದವನು ಇವತ್ತು ಮಾಲೀಕನ ಪಾತ್ರ ಮಾಡಿ ಜನರನ್ನು ನಗಿಸುತ್ತಿದ್ದ. ಭಯ ಹೋಗುವುದಕ್ಕೆ ಇದಕ್ಕಿಂತ ಏನು ಬೇಕು? ಅದೇ ವಾಲ್ಡೆಜ್ ಅವರ ನಾಟಕವೊಂದು 1979ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರ ಏರಿತು.

ಮೊಮ್ಮಗಳಿಗೆ ಸಮಯ ಉಳಿದರೆ ಟೆಕ್ಸಾಸಿನ ಎರಡು ಸಂಗತಿ ಹೇಳಬಹುದು. ಒಂದು ಸ್ಯಾನ್ ಆಂಟೋನಿಯೊದ ಎಮ್ಮಾ ತೆನಯೂಕಾ ಅವರದು. 1938ರಲ್ಲಿ ಪೆಕನ್ ಎಂಬ ಕಾಯಿ ಸುಲಿಯುವ ಸುಮಾರು 12,000 ಕೂಲಿಗಳು, ಹೆಚ್ಚಿನವರು ಹೆಂಗಸರು, ಕೂಲಿ ಕಡಿತದ ವಿರುದ್ಧ ಕೆಲಸ ನಿಲ್ಲಿಸಿದಾಗ ಮುಂದೆ ನಿಂತ ಎಮ್ಮಾಗೆ 21 ವರ್ಷ. ಇನ್ನೊಂದು ಮೆಕ್ಸಿಕನ್ ಮೂಲದ ಸೈನಿಕ ಫೆಲಿಕ್ಸ್ ಲೊಂಗೋರಿಯಾ ಅವರ ಕಥೆ. ಯುದ್ಧದಲ್ಲಿ ಫಿಲಿಪೀನ್ಸ್‌ನಲ್ಲಿ ಸತ್ತ ಅವರ ಅವಶೇಷ 1949ರಲ್ಲಿ ಊರಿಗೆ ಬರಬೇಕಿತ್ತು. ಅಂತ್ಯಕ್ರಿಯೆ ನಡೆಸುವ ಸಂಸ್ಥೆಯವರು, ಬಿಳಿಯರಿಗೆ ಹಿಡಿಸುವುದಿಲ್ಲ ಎಂದು ಪ್ರಾರ್ಥನಾ ಮಂದಿರ ಕೊಡಲಿಲ್ಲ. ದೇಶಕ್ಕಾಗಿ ಸತ್ತವನಿಗೆ! ಡಾಕ್ಟರ್ ಹೆಕ್ಟರ್ ಗಾರ್ಸಿಯಾ ಎಂಬುವರು ಮಾಜಿ ಸೈನಿಕರ ಸಂಘ ಕಟ್ಟಿದ್ದರು. ಅವರು ಸುಮ್ಮನೆ ಕೂರಲಿಲ್ಲ, ಸೆನೆಟರ್ ಲಿಂಡನ್ ಜಾನ್ಸನ್ ಅವರಿಗೆ ತಂತಿ ಕಳಿಸಿದರು. ಜಾನ್ಸನ್ ಏರ್ಪಾಟು ಮಾಡಿ, ದೇಶದ ವೀರರನ್ನು ಹೂಳುವ ಆರ್ಲಿಂಗ್ಟನ್‌ನಲ್ಲೇ ಲೊಂಗೋರಿಯಾ ಅವರಿಗೆ ಜಾಗ ಕೊಡಿಸಿದರು.

ನಮ್ಮ ನಂಟಿನ ವಿಷಯ. ಗಾಂಧಿಯವರ ಬರಹ, ಜೀವನ ಚಾವೇಜ್ ಅವರಿಗೆ ಚೆನ್ನಾಗಿ ಗೊತ್ತಿತ್ತು. 1968ರಲ್ಲಿ ಮುಷ್ಕರಗಾರರು ಹಿಂಸೆಗೆ ಇಳಿಯಬಾರದು ಎಂದು 25 ದಿನ ಉಪವಾಸ ಕೂತರು. ಬಹಿಷ್ಕಾರ, ಪಾದಯಾತ್ರೆ ಎಲ್ಲದರಲ್ಲೂ ನಮ್ಮ ಸ್ವಾತಂತ್ರ್ಯ ಹೋರಾಟದ ಗುರುತು ಕಾಣುತ್ತದೆ. ಇದಕ್ಕೂ ಹಿಂದಿನ ಒಂದು ನಂಟಿದೆ. ನೂರು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಗೆ ಬೇಸಾಯಕ್ಕೆ ಹೋದ ಪಂಜಾಬಿ ಗಂಡಸರಿಗೆ ಊರಿಂದ ಹೆಂಡತಿಯನ್ನು ಕರೆತರಲು ಕಾನೂನು ಬಿಡಲಿಲ್ಲ, ಬಿಳಿಯ ಹೆಂಗಸರನ್ನು ಮದುವೆಯಾಗಲೂ ಬಿಡಲಿಲ್ಲ. ನೂರಾರು ಜನ ಮೆಕ್ಸಿಕನ್ ಮೂಲದವರನ್ನು ಮದುವೆಯಾದರು. ಒಂದೇ ಹೊಲದಲ್ಲಿ ದುಡಿಯುತ್ತಿದ್ದವರು ಒಂದೇ ಮನೆಯವರಾದರು. ಮಕ್ಕಳಿಗೆ ಸ್ಪ್ಯಾನಿಷ್ ಹೆಸರು, ಹಿಂದೆ ಸಿಂಗ್.

ಮತ್ತೊಂದು ಮಾತು ನಿಮ್ಮ ಮಗನಿಗೆ ಹೇಳಿ. 1965ರಲ್ಲಿ ಜಾನ್ಸನ್ ಅಧ್ಯಕ್ಷರಾಗಿದ್ದಾಗ ಬಂದ ವಲಸೆ ಕಾನೂನೇ ಭಾರತದ ಎಂಜಿನಿಯರು, ಡಾಕ್ಟರುಗಳಿಗೆ ಅಮೆರಿಕದ ಬಾಗಿಲು ತೆರೆಯಿತು. ದಾವಣಗೆರೆಯ ಹುಡುಗ ಅಲ್ಲಿ ಮನೆ ಮಾಡಿದ್ದಕ್ಕೆ ಬೇರು ಅಲ್ಲಿದೆ. ಅದೇ ಕಾನೂನು ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯಿಂದ ಬರುವವರ ಸಂಖ್ಯೆಗೆ ಮೊದಲ ಸಲ ಮಿತಿ ಹಾಕಿತು. ನಮಗೆ ತೆರೆದ ಬಾಗಿಲು ಅವರಿಗೆ ಕಿರಿದಾಯಿತು. ಅಲ್ಲಿ ನೆಲೆಸಿದ ನಮ್ಮವರು ಇದನ್ನು ತಿಳಿದಿರಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅಷ್ಟು ಚಿಕ್ಕ ಮಗುವಿಗೆ ಮೈಬಣ್ಣದ ವಿಷಯ, ಶುಚಿತ್ವದ ಆ ಕೆಟ್ಟ ಸಾಕ್ಷಿ ಇವನ್ನೆಲ್ಲ ಹೇಳಿಕೊಡಬೇಕೇ ಎಂಬ ಅನುಮಾನ ನಿಮಗೆ ಬರಬಹುದು. ಹೇಳಿಕೊಡಿ. ಸಿಲ್ವಿಯಾ ಅದನ್ನು ಎಂಟು ವರ್ಷಕ್ಕೇ ಅನುಭವಿಸಿದ್ದಳು, ಕೇಳುವುದಕ್ಕೆ ನಿಮ್ಮ ಮೊಮ್ಮಗಳು ಚಿಕ್ಕವಳಲ್ಲ. ಭಾಷಣಕ್ಕೆ ಮೆಂಡೆಜ್ ಕುಟುಂಬದ ಕಥೆ ಒಂದೇ ಸಾಕು, ಉಳಿದದ್ದು ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಇರಲಿ. ಶುರು ಮಾಡುವುದಾದರೆ ಆ ಅತ್ತೆ ಎಲ್ಲ ಮಕ್ಕಳನ್ನೂ ವಾಪಸ್ ಕರೆತಂದ ದಿನದಿಂದ ಶುರು ಮಾಡಲಿ. ಮಾತಾಡಿ ಬಂದ ಮೇಲೆ ಅವಳು ಬರೆದುಕೊಂಡದ್ದನ್ನು ನೀವು ಕನ್ನಡಕ್ಕೆ ಮಾಡಿ ನಮಗೆ ಕಳಿಸಿ. ಮಕ್ಕಳ ಪುಟದಲ್ಲಿ ಹಾಕುತ್ತೇವೆ.

— ಸಂಪಾದಕ